ಸ್ಲೀಪ್(30) ಅಂದರೆ 30 ಏನು?

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಥ್ರೆಡ್.ಸ್ಲೀಪ್(30) ಎಂದು ಬರೆದರೆ ಪ್ರೋಗ್ರಾಂ ಎಷ್ಟು ಹೊತ್ತು ನಿಲ್ಲುತ್ತದೆ? 30 ಸೆಕೆಂಡ್ ಅಂದುಕೊಂಡು ನಾನೊಮ್ಮೆ ಬರೆದಿದ್ದೆ. ಅದು 30 ಮಿಲಿಸೆಕೆಂಡ್. ಸರ್ವರ್‌ಗೆ ಸ್ವಲ್ಪ ಬಿಡುವು ಕೊಟ್ಟು ಮತ್ತೆ ಕೇಳಬೇಕಿದ್ದ ಕೋಡ್, ಪುರುಸೊತ್ತೇ ಇಲ್ಲದೆ ಕೇಳುತ್ತಲೇ ಇತ್ತು. ಓಡಿಸುವ ಮೊದಲೇ ಕೋಡ್ ಓದಿ ತಪ್ಪು ಹಿಡಿಯಬೇಕಾದ ಕಂಪೈಲರ್ ತುಟಿ ಬಿಚ್ಚಲಿಲ್ಲ. ಬಿಚ್ಚುವುದಾದರೂ ಹೇಗೆ? ಮೆಥಡ್ (ಸ್ಲೀಪ್ ತರಹ ಹೆಸರು ಹಿಡಿದು ಕರೆಯುವ ಕೋಡ್ ತುಣುಕು) ಕೇಳಿದ್ದು ಒಂದು ಸಂಖ್ಯೆ, ನಾನು ಕೊಟ್ಟಿದ್ದೂ ಸಂಖ್ಯೆಯೇ.

ಅಂಗಡಿಯಲ್ಲಿ "ಎರಡು ಸಕ್ಕರೆ ಕೊಡಿ" ಅಂದರೆ ಅಂಗಡಿಯವರು "ಎರಡು ಕೆಜಿನಾ?" ಅಂತ ಕೇಳುತ್ತಾರೆ. ಕಂಪೈಲರ್ ಕೂಡ ಹಾಗೆ ಕೇಳಬೇಕಾದರೆ ಅಳತೆ ಟೈಪ್‌ನಲ್ಲೇ, ಅಂದರೆ ಮೌಲ್ಯ ಯಾವ ಬಗೆಯದು ಎಂಬ ಗುರುತಿನಲ್ಲೇ, ಇರಬೇಕು. ಜಾವಾ 8ರಲ್ಲಿ (2014) ಕಾಲಾವಧಿಗೆಂದೇ ಡ್ಯೂರೇಶನ್ ಎಂಬ ಟೈಪ್ ಬಂತು. ಅದನ್ನು ಸ್ಲೀಪ್‌ಗೆ ನೇರವಾಗಿ ಕೊಡಲು ಜಾವಾ 19ರವರೆಗೆ (2022) ಕಾಯಬೇಕಾಯಿತು! ಈಗ ಸ್ಲೀಪ್(ಡ್ಯೂರೇಶನ್.ಆಫ್‌ಸೆಕೆಂಡ್ಸ್(30)) ಎಂದು ಬರೆಯಬಹುದು. ಉದ್ದ ಜಾಸ್ತಿ, ನಿಜ. ಆದರೆ ಓದಿದವರಿಗೆ ಅನುಮಾನ ಉಳಿಯುವುದಿಲ್ಲ.

ಹಾಗಂತ ಟೈಪ್ ಇದ್ದ ಮಾತ್ರಕ್ಕೆ ಬಚಾವ್ ಅಲ್ಲ. ಗೋ ಭಾಷೆಯ ಟೈಮ್.ಸ್ಲೀಪ್ ಗೋ 1ರಿಂದಲೂ (2012) ಡ್ಯೂರೇಶನ್ನನ್ನೇ ಕೇಳುತ್ತದೆ. ಆದರೂ ಅಲ್ಲಿ ಸ್ಲೀಪ್(30) ಕಂಪೈಲ್ ಆಗುತ್ತದೆ. ಕೋಡ್‌ನಲ್ಲಿ ನೇರವಾಗಿ ಬರೆದ 30ಕ್ಕೆ ಗೋದಲ್ಲಿ ಸ್ವಂತ ಟೈಪ್ ಇರುವುದಿಲ್ಲ, ಹೋದ ಕಡೆಯ ಟೈಪ್ ಹಾಕಿಕೊಳ್ಳುತ್ತದೆ. ಫಲಿತಾಂಶ 30 ನ್ಯಾನೋಸೆಕೆಂಡ್! ಅದೇ 30 ಒಂದು ಇಂಟ್ (ಪೂರ್ಣಾಂಕ) ವೇರಿಯಬಲ್‌ನಲ್ಲಿದ್ದರೆ ಕಂಪೈಲರ್ ತಡೆಯುತ್ತದೆ. ಇದೇ ಸಡಿಲದಿಂದ 30 * ಟೈಮ್.ಸೆಕೆಂಡ್ ಎಂದು ಚೆಂದವಾಗಿ ಬರೆಯಲೂ ಆಗುತ್ತದೆ, ಅದನ್ನೂ ಮರೆಯುವ ಹಾಗಿಲ್ಲ.

ನನಗೆ ಇಷ್ಟವಾದ ನಡುದಾರಿ, ದಿನಾಂಕ ಮಾಡಿಕೊಡುವ ಜಾವಾದ ಲೋಕಲ್‌ಡೇಟ್.ಆಫ್. ತಿಂಗಳನ್ನು 3 ಅಂತಲೂ ಕೊಡಬಹುದು, ಮಂತ್.ಮಾರ್ಚ್ ಅಂತಲೂ ಕೊಡಬಹುದು. ಫಾರ್ಮ್‌ನಿಂದ ಅಂಕಿ ಬರುತ್ತಿದ್ದರೆ ಮೊದಲನೆಯದು ಸಲೀಸು. ಕೈಯಾರೆ ಬರೆಯುವಾಗ ಎರಡನೆಯದು ವಾಸಿ. ಮಾರ್ಚ್ 5 ಬರೆಯಲು ಹೋಗಿ (2024, 5, 3) ಎಂದು ದಿನ, ತಿಂಗಳು ಅದಲುಬದಲಾದರೆ ಯಾರಿಗೂ ಗೊತ್ತಾಗುವುದಿಲ್ಲ. ಮಂತ್.ಮಾರ್ಚ್ ಜಾಗ ತಪ್ಪಿದರೆ ಕಂಪೈಲ್ ಆಗುವುದೇ ಇಲ್ಲ.

ಇನ್ನು ಹಣ ವರ್ಗಾವಣೆಯ ಮೆಥಡ್ ನೋಡಿ: ಟ್ರಾನ್ಸ್‌ಫರ್(ಸ್ಟ್ರಿಂಗ್ ಯಾರಿಂದ, ಸ್ಟ್ರಿಂಗ್ ಯಾರಿಗೆ). ಸ್ಟ್ರಿಂಗ್ ಅಂದರೆ ಬರೀ ಅಕ್ಷರಗಳ ಸಾಲು. ಅದನ್ನು ತೆಗೆದು ಎರಡಕ್ಕೂ ಅಕೌಂಟ್‌ಐಡಿ ಟೈಪ್ ಕೊಟ್ಟೆವು ಅನ್ನಿ. ಫೋನ್ ನಂಬರ್ ಒಳಗೆ ನುಸುಳುವುದು ನಿಂತಿತು. ಆದರೆ ಎರಡೂ ಅಕೌಂಟೇ ಅಲ್ವಾ, ಅದಲುಬದಲಾಗುವುದು ನಿಲ್ಲಲಿಲ್ಲ. ಇಲ್ಲಿ ಬೇಕಿರುವುದು ಟೈಪ್ ಅಲ್ಲ, ಹೆಸರು. ಪೈಥಾನ್ 3ರಲ್ಲಿ ಪ್ಯಾರಾಮೀಟರ್‌ಗಳ (ಮೆಥಡ್ ಕೇಳುವ ಮೌಲ್ಯಗಳ) ಮುಂದೆ ಒಂದು * ಹಾಕಿದರೆ ಕರೆಯುವವರು ಹೆಸರು ಹೇಳಿಯೇ ಕೊಡಬೇಕು. ಜಾವಾದಲ್ಲಿ ಆ ಸೌಲಭ್ಯ ಇಲ್ಲ. ಅಲ್ಲಿ ಬಿಲ್ಡರ್ (ಒಂದೊಂದೇ ಮೌಲ್ಯವನ್ನು ಹೆಸರು ಹೇಳಿ ತುಂಬಿಸುವ ಕೋಡ್) ಬರೆದುಕೊಳ್ಳಬೇಕು, ಇಲ್ಲವೇ ಎರಡಕ್ಕೂ ಬೇರೆ ಬೇರೆ ಟೈಪ್ ಮಾಡಬೇಕು. ಹಣದ ವಿಷಯಕ್ಕೆ ನಾನು ಆ ಕಷ್ಟ ಪಡುತ್ತೇನೆ. ಮ್ಯಾಕ್ಸ್(ಎ, ಬಿ) ತರಹದ ಮೆಥಡ್‌ಗೆ ಸುಮ್ನೆ ಯಾಕೆ? ಅಲ್ಲಿ ಅದಲುಬದಲಾದರೂ ಉತ್ತರ ಅದೇ.