ಬದುವಿನಲ್ಲಿ ಬೆಳೆ

ನೀರಿನಿಂದಲೇ ಬೈಕ್ ಓಡಿಸುವ ವಿಡಿಯೋ ಆಗಾಗ ನನ್ನ ವಾಟ್ಸಾಪಿಗೆ ಬರುತ್ತದೆ. 'ಏನೋ ಪುಡಿ ಹಾಕ್ತಾರಂತೆ' ಎಂಬ ಒಕ್ಕಣೆ ಬೇರೆ. ಪುಡಿ ಎಷ್ಟೇ ಒಳ್ಳೆಯದಿರಲಿ, ನೀರನ್ನು ಒಡೆದು ಹೈಡ್ರೋಜನ್ ಬಿಡಿಸುವ ಶಕ್ತಿಯನ್ನು ಅದು ಕೊಡುವುದಿಲ್ಲ. ಕನಿಷ್ಠ 1.23 ವೋಲ್ಟ್ ಹೊರಗಿನಿಂದ, ಬಿಸಿಲಿನಿಂದಲೋ ಗಾಳಿಯಿಂದಲೋ, ಬರಲೇಬೇಕು. ಅದರ ಮೇಲೆ ದಂಡವಾಗಿ ತೆರುವ ವೋಲ್ಟೇಜನ್ನು ತಗ್ಗಿಸುವುದಷ್ಟೇ ವೇಗವರ್ಧಕದ, ಅಂದರೆ ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕಾಗಿಸುವ ವಸ್ತುವಿನ, ಕೆಲಸ.

ಹೈಡ್ರೋಜನ್ ಬಿಡಿಸುವುದರಲ್ಲಿ ಪ್ಲಾಟಿನಂ ಗಟ್ಟಿಗ. ಬೆಲೆ ಮಾತ್ರ ಕೇಳಬೇಡಿ. ಇಡ್ಲಿ ತಟ್ಟೆಯ ಹಾಗೆ ಅದು: ಹಿಟ್ಟು ನಿಲ್ಲಬೇಕು, ಬೆಂದ ಮೇಲೆ ಬಿಟ್ಟುಕೊಳ್ಳಲೂ ಬೇಕು. ಚಿನ್ನ ಹೈಡ್ರೋಜನ್ನನ್ನು ಸರಿಯಾಗಿ ಹಿಡಿಯುವುದೇ ಇಲ್ಲ, ಟಂಗ್‌ಸ್ಟನ್ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ.

ಈಗ ಗ್ಯಾರೇಜಿಗೆ ಬನ್ನಿ. ಅಲ್ಲಿನ ಕೆಲವು ಕಪ್ಪು ಗ್ರೀಸುಗಳಲ್ಲಿ ಮಾಲಿಬ್ಡಿನಂ ಡೈಸಲ್ಫೈಡ್ ಇರುತ್ತದೆ. ಇಸ್ಪೀಟ್ ಎಲೆಗಳಂತೆ ಪದರ ಪದರ. ಎಲೆಯ ಮೈ ಯಾವುದಕ್ಕೂ ಅಂಟಿಕೊಳ್ಳದು, ಅದಕ್ಕೇ ಜಾರುತ್ತದೆ. ಹೈಡ್ರೋಜನ್ ಕೂಡ ಅಲ್ಲಿ ನಿಲ್ಲದು. ಇದರಿಂದ ಏನೂ ಆಗಲ್ಲ ಅಂತ ಎಲ್ಲರೂ ಬಿಟ್ಟಿದ್ದರು.

ಸುಳಿವು ಕೊಟ್ಟದ್ದು ಬ್ಯಾಕ್ಟೀರಿಯಾ! ತೊಗರಿ, ಕಡಲೆಯ ಬೇರಿನ ಗಂಟಿನಲ್ಲಿ ಕೂತು ಸಾರಜನಕ ಹಿಡಿಯುವವು. ಅವುಗಳ ಕಿಣ್ವದಲ್ಲೂ ಮಾಲಿಬ್ಡಿನಂ, ಗಂಧಕ ಇವೆ. ಕೆಲಸದ ನಡುವೆ ಹೈಡ್ರೋಜನ್ ಕೂಡ ಹೊರಬರುತ್ತದೆ. ಆ ಕಿಣ್ವಕ್ಕೂ ಗ್ರೀಸಿನ ಈ ಎಲೆಯ ಅಂಚಿಗೂ ಹೋಲಿಕೆಯಿದೆ ಎಂದು 2005ರಲ್ಲಿ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. 2007ರಲ್ಲಿ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದವರು ಚಿನ್ನದ ಮೇಲೆ ಈ ಎಲೆಯ ನ್ಯಾನೋ ತುಣುಕುಗಳನ್ನು, ಅಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಚೂರುಗಳನ್ನು, ಬೆಳೆಸಿ, ಒಂದೊಂದರ ಅಂಚನ್ನೂ ಅಳೆದರು. ಹೈಡ್ರೋಜನ್ ಹುಟ್ಟುವ ವೇಗ ಹೊಂದಿಕೊಂಡದ್ದು ಅಂಚಿನ ಉದ್ದಕ್ಕೆ, ತುಣುಕಿನ ವಿಸ್ತೀರ್ಣಕ್ಕಲ್ಲ.

ನ್ಯಾನೋ ಅಂದರೆ ಮೇಲ್ಮೈ ಜಾಸ್ತಿ ಅಂತ ಸುಮ್ನೆ ಹೇಳಿಬಿಡುತ್ತೇವೆ. ಸುಳ್ಳೇನಲ್ಲ. 1 ಸೆಂಟಿಮೀಟರ್ ಘನವನ್ನು 1 ನ್ಯಾನೋಮೀಟರ್ ಘನಗಳಾಗಿ ಕತ್ತರಿಸಿದರೆ 6 ಚದರ ಸೆಂಟಿಮೀಟರ್ ಇದ್ದದ್ದು 6,000 ಚದರ ಮೀಟರ್, ಹತ್ತಿರಹತ್ತಿರ ಒಂದೂವರೆ ಎಕರೆ ಆಗುತ್ತದೆ. ಆದರೆ ಇಲ್ಲಿ ಎಲೆಯ ಮೈ ಎಂಬ ಹೊಲ ಬರಡು. ಬೆಳೆ ಬರುವುದು ಅಂಚೆಂಬ ಬದುವಿನಲ್ಲಿ. ಚೌಕದ ಹೊಲವನ್ನು ನಾಲ್ವರು ಅಣ್ಣತಮ್ಮಂದಿರು ನಾಲ್ಕು ಚೌಕ ಮಾಡಿ ಹಂಚಿಕೊಂಡು, ಒಬ್ಬೊಬ್ಬರೂ ತಮ್ಮದೇ ಬದು ಹಾಕಿದರೆ ಬದುವಿನ ಉದ್ದ ಎರಡು ಪಟ್ಟು. ಊರಲ್ಲಿ ಇದು ಜಗಳದ ಮೂಲ, ಇಲ್ಲಿ ಲಾಭ!

2013ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಈ ಎಲೆಗಳನ್ನು ಮಲಗಿಸದೆ ನಿಲ್ಲಿಸಿಯೇ ಬೆಳೆಸಿದರು, ಅಡುಗೆಮನೆಯ ಸ್ಟ್ಯಾಂಡಿನಲ್ಲಿ ತಟ್ಟೆ ನಿಲ್ಲಿಸಿದಂತೆ. ಅಂಚುಗಳೆಲ್ಲ ಮೇಲೆ ಬಂದವು. ವಿದ್ಯುತ್ತಿಗೂ ಅನುಕೂಲ: ಎಲೆಯಿಂದ ಎಲೆಗೆ ಹಾರುವುದಕ್ಕಿಂತ ಎಲೆಯ ಉದ್ದಕ್ಕೂ ಹರಿಯುವುದು ಅದಕ್ಕೆ ಸಲೀಸು. ಆದರೂ ನೀರನ್ನು ಒಡೆಯುವ ಆಮ್ಲದ ತೊಟ್ಟಿಯಲ್ಲಿ ಪ್ಲಾಟಿನಂ ಇನ್ನೂ ಮುಂದೇ ಇದೆ.