ಮೊದಲು ಬಾಗಿಸಿ, ಆಮೇಲೆ ಮುದ್ರೆ ಒತ್ತಿ

ಕೈಯಿಂದ ತಂಬಾಕಿನ ಪೈಪ್ ಮಾಡಲು ಕಲಿಯುತ್ತಿರುವವರು ತಮ್ಮ ಹೆಸರಿನ ಗುರುತು ಮೂಡಿಸುವ ಅಚ್ಚು ಕೈಗೆ ಬಂದ ಕೂಡಲೇ ಕೇಳುವ ಪ್ರಶ್ನೆ, ಎಷ್ಟು ಜೋರಾಗಿ ಒತ್ತಬೇಕು ಎಂಬುದು. ಅದಕ್ಕೂ ಮೊದಲು ಯಾವಾಗ ಒತ್ತಬೇಕೆಂದು ತಿಳಿಯಬೇಕು.

ಮುದ್ರೆ ಬೀಳುವುದು ಬಾಯಿಗಿಡುವ ಭಾಗವಾದ ಸ್ಟೆಮ್ಮಿನ ಮೇಲೆ; ಅದನ್ನು ನಾನು ಎಬೊನೈಟಿನಲ್ಲೇ ಮಾಡುತ್ತೇನೆ. ರಬ್ಬರಿಗೆ ಧಾರಾಳವಾಗಿ ಗಂಧಕ ಬೆರೆಸಿ ಬೇಯಿಸಿದ ಗಟ್ಟಿ ವಸ್ತು ಇದು. ರಾಜಮಹೇಂದ್ರಿಯ ರತ್ನಂ ಪೆನ್ನುಗಳಿಂದ ನಮಗೆ ಪರಿಚಿತ. ಕಾಯಿಸಿದರೆ ಬಾಗುತ್ತದೆ, ಆರಿದರೆ ಹಾಗೆಯೇ ನಿಲ್ಲುತ್ತದೆ, ಮತ್ತೆ ಕಾಯಿಸಿದರೆ ಹಳೆಯ ರೂಪಕ್ಕೆ ಮರಳಲು ಹವಣಿಸುತ್ತದೆ. ಹಲ್ಲಿನ ಗುರುತು ಬಿದ್ದ ಸ್ಟೆಮ್ಮಿಗೆ ಲೈಟರಿನ ಉರಿ ಸೋಕಿಸಿದರೆ ತಗ್ಗು ಮೇಲೇಳುವುದು ಇದರಿಂದಲೇ. ತಗ್ಗು ಹಲ್ಲಿನದೋ ಅಚ್ಚಿನದೋ, ಎಬೊನೈಟಿಗೆ ಭೇದವಿಲ್ಲ. ಮೊದಮೊದಲು ನಾನು ನೇರ ಸ್ಟೆಮ್ಮಿಗೆ ಮುದ್ರೆ ಒತ್ತಿ ಆಮೇಲೆ ಬಾಗಿಸಲು ಬಿಸಿಗಾಳಿಗೆ ಹಿಡಿದೆ. ಕಣ್ಣೆದುರೇ ಅಕ್ಷರದ ತಳ ಉಬ್ಬಿ ಬಂದು, ಮಸುಕು ಗೆರೆಯಷ್ಟೇ ಉಳಿಯಿತು. ಎರಡು ದಿನ ಅರದಿಂದ ಉಜ್ಜಿದ್ದ ಕೆಲಸ ಅದು.

ಈಗ ಬಾಗಿಸಿ, ಪೂರ್ತಿ ತಣಿಸಿ, ನುಣ್ಣಗೆ ಉಜ್ಜಿದ ಮೇಲೆಯೇ ಅಚ್ಚು ಮುಟ್ಟುತ್ತೇನೆ. ಹೊಗೆ ಹಾಯುವ ರಂಧ್ರದಲ್ಲಿ ಅದಕ್ಕೆ ಸರಿಹೊಂದುವ ಉಕ್ಕಿನ ಕಡ್ಡಿ ಇಟ್ಟು, ತೊಗಲು ಹೊದಿಸಿದ ಮರದ ತೋಡಿನಲ್ಲಿ ಸ್ಟೆಮ್ಮನ್ನು ಕೂರಿಸುತ್ತೇನೆ. ಅಚ್ಚಿನ ಮುಖ ಚಪ್ಪಟೆ, ಸ್ಟೆಮ್ ದುಂಡು; ನೇರ ಒತ್ತಿದರೆ ನಡುವಿನ ಗೆರೆ ಮಾತ್ರ ಮೂಡುತ್ತದೆ. ಆದ್ದರಿಂದ ಅಚ್ಚನ್ನು ಎತ್ತದೆ, ಒತ್ತಡ ಸಡಿಲಿಸದೆ, ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ವಾಲಿಸಬೇಕು. ಸುತ್ತಿಗೆ ಬೇಡವೇ ಬೇಡ. ಅಚ್ಚು ಪುಟಿದರೆ ಅಕ್ಷರ ಎರಡಾಗುತ್ತದೆ, ಆ ತಪ್ಪಿಗೆ ಮದ್ದಿಲ್ಲ.

ಅಕ್ರಿಲಿಕ್ ಸ್ಟೆಮ್ಮಿಗೆ ಈ ದಾರಿ ಸಲ್ಲದು, ಅದು ಸೀಳಬಹುದು. ಅಲ್ಲಿ ತೂತು ಕೊರೆದು ಬೇರೆ ಬಣ್ಣದ ಕಡ್ಡಿ ಕೂರಿಸುವುದೇ ಸರಿ. 1915ರಿಂದ ಡನ್‌ಹಿಲ್ ಪೈಪುಗಳಲ್ಲಿರುವ ಬಿಳಿ ಚುಕ್ಕೆಯೂ ಕೂರಿಸಿದ್ದೇ, ಒತ್ತಿದ್ದಲ್ಲ. ಸ್ಟೆಮ್ಮಿನ ಮೇಲ್ಭಾಗ ಯಾವುದೆಂದು ತಿಳಿಯಲೆಂದು ಇಟ್ಟ ಗುರುತು ಅದು.

ಮುದ್ರೆಯೊಳಗೆ ಬಿಳಿ ಬಣ್ಣ ತುಂಬಿ, ಒಣಗಿದ ಮೇಲೆ ಹೆಚ್ಚಾದದ್ದನ್ನು ಅಡ್ಡಕ್ಕೆ ಒರೆಸುತ್ತೇನೆ. ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಕ್ಷಣವಷ್ಟೇ ತಾಗಿಸುವುದು. ಬಿಸಿಲಿಗೆ ಎಬೊನೈಟ್ ಹಸಿರುಗಂದು ಬಣ್ಣಕ್ಕೆ ತಿರುಗುತ್ತದೆ. ಮುಂದೆ ಯಾರೋ ಅದನ್ನು ಉಜ್ಜಿಯೇ ಉಜ್ಜುತ್ತಾರೆ, ಆಗಲೂ ಹೆಸರು ಉಳಿಯಬೇಕು. ಅದಕ್ಕೇ ಬಣ್ಣ ತುಂಬುವ ಮೊದಲು ಅಕ್ಷರದ ಮೇಲೆ ಉಗುರು ಎಳೆದು ನೋಡುತ್ತೇನೆ. ಉಗುರು ತಡೆಯದಿದ್ದರೆ ಹೊಸ ಸ್ಟೆಮ್ಮಿಗೆ ಎಬೊನೈಟ್ ಕತ್ತರಿಸುತ್ತೇನೆ.