ನಾಲ್ಕನೇ ತಂತಿ, ಮೂರನೇ ತಂತಿ: ಜಾಝ್ ಬ್ಲೂಸ್‌ಗೆ ಗಿಟಾರ್ ಸಾಥ್

ಸಾದಾ ಬ್ಲೂಸ್ ನುಡಿಸಲು ಮೂರು ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಸಾಕು. ಬ್ಲೂಸ್‌ನ ಅದೇ ಹನ್ನೆರಡು ಬಾರ್‌ಗಳು (ನಾಲ್ಕು ನಾಲ್ಕು ಮಾತ್ರೆಗಳ ಭಾಗಗಳು) ಜಾಝ್‌ನವರ ಕೈಗೆ ಸಿಕ್ಕಿದರೆ ಹಾಳೆಯ ತುಂಬ ಕಾರ್ಡ್‌ಗಳು: ಮೈನರ್ ಸೆವೆನ್, ಡಿಮಿನಿಶ್ಡ್, ಕೆಲವು ಬಾರ್‌ಗಳಲ್ಲಿ ಎರಡೆರಡು. ಪ್ರತಿಯೊಂದಕ್ಕೂ ಒಂದು ಹಿಡಿತವನ್ನು ಬಾಯಿಪಾಠ ಮಾಡಲು ಹೊರಟರೆ ಎಡಗೈ ಓಡಾಡುವುದರಲ್ಲೇ ಆವರ್ತನ ಮುಗಿದುಹೋಗುತ್ತದೆ. ಹಾಳೆಯ ಮೇಲೆ ಇಷ್ಟೆಲ್ಲ ಗದ್ದಲವಿದ್ದರೂ ತಂತಿಯ ಮೇಲೆ ನಡೆಯುವುದು ಬಹಳ ಕಡಿಮೆ. ಎರಡು ಸ್ವರಗಳು ಬಹುತೇಕ ಒಂದೊಂದು ಫ್ರೆಟ್ ಮಾತ್ರ ಸರಿಯುತ್ತವೆ. ಈ ಟಿಪ್ಪಣಿ ಅದರ ಬಗ್ಗೆ. ಬಾರೆ ಕಾರ್ಡ್ ಹಿಡಿಯಲು ಬರುತ್ತದೆ, ಫ್ರೆಟ್‌ಬೋರ್ಡಿನ ಸ್ವರಗಳ ಹೆಸರು ಗೊತ್ತು, ಸ್ವಿಂಗ್ ಲಯ ಕಿವಿಗೆ ಹೊಸದಲ್ಲ ಎಂದುಕೊಂಡು ಬರೆಯುತ್ತಿದ್ದೇನೆ.

ಯಾವ ಸ್ಕೇಲ್?

ಬಿ ಫ್ಲ್ಯಾಟ್. ಗಿಟಾರಿಗೆ ಇ, ಎ ಸುಲಭವೆಂದು ಎಲ್ಲರಿಗೂ ಗೊತ್ತು. ಆದರೆ ಜಾಝ್‌ನಲ್ಲಿ ಯಜಮಾನಿಕೆ ಊದುವವರದು. ಟ್ರಂಪೆಟ್ ಮತ್ತು ಟೆನರ್ ಸ್ಯಾಕ್ಸೊಫೋನ್ ನುಡಿಸುವವರು ತಮ್ಮ ಹಾಳೆಯಲ್ಲಿ ಸಿ ಎಂದು ಓದಿ ಊದಿದರೆ ಕೇಳಿಸುವುದು ಬಿ ಫ್ಲ್ಯಾಟ್. ಅವರಿಗೆ ಅದೇ ಮನೆ. ಮುಂಬೈಯಲ್ಲಿ ಜಾಝ್ ಬೆಳೆದದ್ದೂ ಇವರ ಬೆನ್ನಿಗೇ. 1930ರ ದಶಕದಲ್ಲಿ ತಾಜ್ ಮಹಲ್ ಹೋಟೆಲಿಗೆ ಅಮೆರಿಕದ ಬ್ಯಾಂಡ್‌ಗಳು ಬಂದವು, ಅನಂತರ ಗೋವಾದ ವಾದಕರು ವೇದಿಕೆ ಹಿಡಿದರು. ಚಿಕ್ ಚಾಕೊಲೇಟ್ ಎಂದೇ ಹೆಸರಾದ ಆಂಟೋನಿಯೊ ಝೇವಿಯರ್ ವಾಝ್ ನುಡಿಸುತ್ತಿದ್ದದ್ದೂ ಟ್ರಂಪೆಟ್ಟೇ. ಹೀಗಿರುವಾಗ ಗಿಟಾರಿನವರು ಫ್ಲ್ಯಾಟ್ ಸ್ಕೇಲ್‌ಗಳಿಗೆ ಒಗ್ಗಿಕೊಳ್ಳದೆ ದಾರಿಯಿಲ್ಲ.

ಹನ್ನೆರಡು ಬಾರ್‌ಗಳು ಹೀಗೆ:

ಬಿ ಫ್ಲ್ಯಾಟ್ 7 | ಇ ಫ್ಲ್ಯಾಟ್ 7 | ಬಿ ಫ್ಲ್ಯಾಟ್ 7 | ಎಫ್ ಮೈನರ್ 7, ಬಿ ಫ್ಲ್ಯಾಟ್ 7
ಇ ಫ್ಲ್ಯಾಟ್ 7 | ಇ ಡಿಮಿನಿಶ್ಡ್ | ಬಿ ಫ್ಲ್ಯಾಟ್ 7 | ಡಿ ಮೈನರ್ 7, ಜಿ 7
ಸಿ ಮೈನರ್ 7 | ಎಫ್ 7 | ಬಿ ಫ್ಲ್ಯಾಟ್ 7, ಜಿ 7 | ಸಿ ಮೈನರ್ 7, ಎಫ್ 7

ಇದಕ್ಕೆ ಹತ್ತಾರು ರೂಪಾಂತರಗಳಿವೆ. ಇದೊಂದು ಕೈಗೆ ಕೂತರೆ ಉಳಿದವು ತಾವಾಗಿ ಬರುತ್ತವೆ.

ಎರಡೇ ಸ್ವರ

ಒಂದು ಸೆವೆಂತ್ ಕಾರ್ಡಿನ ಗುಣವನ್ನು ಹೇಳುವುದು ಅದರ ಮೂರನೇ ಸ್ವರ ಮತ್ತು ಏಳನೇ ಸ್ವರ. ಕಾರ್ಡಿಗೆ ಹೆಸರು ಕೊಡುವ ಮೊದಲನೇ ಸ್ವರವನ್ನು ಬೇಸ್‌ನವರು ನುಡಿಸುತ್ತಾರೆ. ಐದನೆಯದು ಇದ್ದರೂ ಇಲ್ಲದಿದ್ದರೂ ಅಷ್ಟೇ. ಬಾಂದ್ರಾದಲ್ಲಿ ಪಾಠ ಹೇಳುವ ನಮ್ಮ ಸರ್ ಮಂಗಳೂರಿನವರು, ಮಾತು ಚುಟುಕು. ಆರನೇ ತಂತಿಗೆ ಬೆರಳು ಹೋದಾಗಲೆಲ್ಲ, "ಬೇಸ್‌ನವನ ಅನ್ನಕ್ಕೆ ಯಾಕೆ ಕೈ ಹಾಕುತ್ತೀರಿ?" ಎನ್ನುತ್ತಾರೆ.

ಹಾಗಾಗಿ ನಾಲ್ಕನೇ ಮತ್ತು ಮೂರನೇ ತಂತಿ ಮಾತ್ರ. ಮುಂದೆ 6–7 ಎಂದು ಬರೆದರೆ ನಾಲ್ಕನೇ ತಂತಿಯಲ್ಲಿ ಆರನೇ ಫ್ರೆಟ್, ಮೂರನೇ ತಂತಿಯಲ್ಲಿ ಏಳನೆಯದು ಎಂದರ್ಥ. ತೋರುಬೆರಳು ಯಾವಾಗಲೂ ನಾಲ್ಕನೇ ತಂತಿಯ ಮೇಲಿರಲಿ.

ಬಿ ಫ್ಲ್ಯಾಟ್ 7 ಇರುವುದು 6–7ರಲ್ಲಿ: ಎ ಫ್ಲ್ಯಾಟ್ ಮತ್ತು ಡಿ. ಅದೇ ಹಿಡಿತವನ್ನು ಒಂದು ಫ್ರೆಟ್ ಕೆಳಗಿಳಿಸಿ 5–6ಕ್ಕೆ ತಂದರೆ ಜಿ ಮತ್ತು ಡಿ ಫ್ಲ್ಯಾಟ್, ಅಂದರೆ ಇ ಫ್ಲ್ಯಾಟ್ 7. ಒಂದು ಫ್ರೆಟ್ ಮೇಲೇರಿಸಿ 7–8 ಮಾಡಿದರೆ ಎ ಮತ್ತು ಇ ಫ್ಲ್ಯಾಟ್, ಅದು ಎಫ್ 7. ಬ್ಲೂಸ್‌ನ ಮೂರು ಮುಖ್ಯ ಕಾರ್ಡ್‌ಗಳು ಅಕ್ಕಪಕ್ಕದ ಮೂರು ಫ್ರೆಟ್‌ಗಳಲ್ಲಿ ಮುಗಿದವು.

ಇದು ಹೇಗೆ ಸಾಧ್ಯ ಎಂಬುದನ್ನು ಒಮ್ಮೆ ನೋಡಿಬಿಡುವುದು ಒಳ್ಳೆಯದು. ಬಿ ಫ್ಲ್ಯಾಟ್ 7ರಲ್ಲಿ ಮೇಲಿನ ತಂತಿಯ ಡಿ ಮೂರನೇ ಸ್ವರ, ಕೆಳಗಿನ ಎ ಫ್ಲ್ಯಾಟ್ ಏಳನೆಯದು. ಒಂದು ಫ್ರೆಟ್ ಇಳಿದಾಗ ಡಿ ಹೋಗಿ ಡಿ ಫ್ಲ್ಯಾಟ್ ಆಯಿತು. ಅದು ಇ ಫ್ಲ್ಯಾಟ್‌ನ ಏಳನೆಯದು. ಎ ಫ್ಲ್ಯಾಟ್ ಜಿ ಆಯಿತು, ಅದು ಮೂರನೆಯದು. ಎರಡೂ ತಂತಿಗಳು ಪಾತ್ರ ಅದಲುಬದಲು ಮಾಡಿಕೊಂಡವು. ಎರಡು ಸ್ವರಗಳ ನಡುವಿನ ಅಂತರ ಆರು ಅರ್ಧಸ್ವರ, ಅಂದರೆ ಸಪ್ತಕದ ಸರಿಯಾಗಿ ಅರ್ಧ. ತಲೆಕೆಳಗು ಮಾಡಿದರೂ ಅಂತರ ಅಷ್ಟೇ ಇರುವುದರಿಂದಲೇ ಈ ಅದಲುಬದಲು ನಡೆಯುತ್ತದೆ.

ಹಾರ್ಮೋನಿಯಂ ಬಲ್ಲವರಿಗೆ ಇನ್ನೊಂದು ಬಾಗಿಲು ಇದೆ. ಬಿ ಫ್ಲ್ಯಾಟ್ ಅನ್ನು ಷಡ್ಜ ಮಾಡಿಕೊಳ್ಳಿ. ಮೊದಲ ಬಾರ್‌ನಲ್ಲಿ ಹಿಡಿದಿರುವುದು ಕೋಮಲ ನಿಷಾದ ಮತ್ತು ಶುದ್ಧ ಗಾಂಧಾರ. ಎರಡನೆಯದರಲ್ಲಿ ಶುದ್ಧ ಧೈವತ ಮತ್ತು ಕೋಮಲ ಗಾಂಧಾರ. ಗಾಯಕರು ಎರಡು ಗಾಂಧಾರಗಳ ನಡುವೆ ಜೀಕುವ ಬ್ಲೂಸ್‌ನ ಆ ನರಳಿಕೆ, ಸಾಥ್ ಮಾಡುವವರ ಕೈಯಲ್ಲಿ ಒಂದು ಫ್ರೆಟ್‌ನ ಇಳಿತವಾಗಿ ಕೂತಿದೆ. ಹಾಡಿನಲ್ಲಿ "ಬೇಸುರ" ಎಂದು ಅನುಮಾನ ಬರುವ ಜಾಗದಲ್ಲಿ ಗಿಟಾರು ಶುದ್ಧವೋ ಕೋಮಲವೋ ಎಂದು ಬಾರ್‌ಗೆ ತಕ್ಕಂತೆ ತೀರ್ಮಾನ ಹೇಳುತ್ತಿರುತ್ತದೆ. ನನಗೆ ಬ್ಲೂಸ್ ಹತ್ತಿರವಾದದ್ದು ಇಲ್ಲಿಂದ.

ಆರನೇ ಬಾರ್

ಈಗ ಡಿಮಿನಿಶ್ಡ್ ಕಾರ್ಡ್. ಇದರ ಹೆಸರು ಕೇಳಿದರೇ ಕೈ ಗಡುಸಾಗುತ್ತದೆ. ಪಾಠದ ಹಾಳೆಗಳು ಇದನ್ನು ಬೇರೊಂದು ಲೋಕದ ಪ್ರಾಣಿಯಂತೆ ಪರಿಚಯಿಸುತ್ತವೆ: ಮೂರು ಮೂರು ಅರ್ಧಸ್ವರಗಳ ಸಮಾನ ಅಂತರ, ಮೂರು ಫ್ರೆಟ್ ಸರಿಸಿದರೆ ಅದೇ ಕಾರ್ಡ್, ಒಂದೇ ಹಿಡಿತಕ್ಕೆ ನಾಲ್ಕು ಹೆಸರು. ಎಲ್ಲವೂ ನಿಜ. ಆದರೆ ಐದನೇ ಬಾರ್‌ನಿಂದ ಏಳನೆಯದಕ್ಕೆ ಹೋಗುವ ಆತುರದಲ್ಲಿರುವ ಕೈಗೆ ಇದರಿಂದ ಕಾಸಿನ ಉಪಯೋಗವಿಲ್ಲ.

ಎರಡು ಕಾರ್ಡ್‌ಗಳ ಸ್ವರಗಳನ್ನು ಪಕ್ಕಪಕ್ಕ ಬರೆದು ನೋಡಬೇಕು.

ಇ ಫ್ಲ್ಯಾಟ್ 7: ಇ ಫ್ಲ್ಯಾಟ್, ಜಿ, ಬಿ ಫ್ಲ್ಯಾಟ್, ಡಿ ಫ್ಲ್ಯಾಟ್.
ಇ ಡಿಮಿನಿಶ್ಡ್: ಇ, ಜಿ, ಬಿ ಫ್ಲ್ಯಾಟ್, ಡಿ ಫ್ಲ್ಯಾಟ್.

ನಾಲ್ಕರಲ್ಲಿ ಮೂರು ಅವೇ. ಅತ್ಯಂತ ಕೆಳಗಿನ ಸ್ವರ ಒಂದು ಮೆಟ್ಟಿಲು ಏರಿದೆ, ಅಷ್ಟೇ. ಅದನ್ನು ಏರಿಸುವವರು ಬೇಸ್‌ನವರು. ನಮ್ಮ ಎರಡು ತಂತಿಗಳಲ್ಲಿರುವುದು ಜಿ ಮತ್ತು ಡಿ ಫ್ಲ್ಯಾಟ್. ಅವು ಇದ್ದಲ್ಲೇ ಇರುತ್ತವೆ. ಐದನೇ ಬಾರ್ 5–6, ಆರನೇ ಬಾರ್ ಕೂಡ 5–6. ಹಾಳೆಯ ಅತ್ಯಂತ ಭಯಂಕರ ಹೆಸರಿನ ಕಾರ್ಡ್ ಬಂದಾಗ ಎಡಗೈ ಮಾಡಬೇಕಾದ ಕೆಲಸ ಏನೂ ಇಲ್ಲ.

ಇದನ್ನು ಓದಿ ನಂಬಿದರೆ ಸಾಲದು, ಕಿವಿಯಿಂದ ನಂಬಬೇಕು. ಐದನೇ ತಂತಿಯಲ್ಲಿ ಆರನೇ ಫ್ರೆಟ್ ಮೀಟಿ, ಅದು ಇ ಫ್ಲ್ಯಾಟ್. ಅದು ಮೊಳಗುತ್ತಿರುವಾಗಲೇ 5–6 ಮೀಟಿ. ಈಗ ಏಳನೇ ಫ್ರೆಟ್ ಮೀಟಿ ಮತ್ತೆ ಅದೇ 5–6. ಆಮೇಲೆ ಎಂಟನೇ ಫ್ರೆಟ್ಟಿನ ಎಫ್ ಮೀಟಿ 6–7 ಹಿಡಿಯಿರಿ. ಕೆಳಗೆ ಶುದ್ಧ ಮಧ್ಯಮ, ತೀವ್ರ ಮಧ್ಯಮ, ಪಂಚಮ. ತೀವ್ರ ಮಧ್ಯಮ ಬಂದ ಮೇಲೆ ಪಂಚಮಕ್ಕೆ ಹೋಗದೆ ನಿಲ್ಲುವುದು ಎಷ್ಟು ಕಷ್ಟವೋ ಕೇಳಿ ನೋಡಿ. ಆ ಸೆಳೆತವೇ ಆರನೇ ಬಾರ್. ಏಳನೇ ಬಾರ್ ಬಿ ಫ್ಲ್ಯಾಟ್‌ನಲ್ಲಿದ್ದರೂ ಅದರ ಕೆಳಗೆ ಎಫ್ ಇಟ್ಟಾಗ ಈ ಏರಿಕೆ ಪೂರ್ತಿಯಾಗಿ ಕೇಳುತ್ತದೆ.

ಬೇಸ್‌ನವರು ಇಲ್ಲದಿದ್ದರೆ? ಡೊಂಬಿವಲಿಯ ನಮ್ಮ ಒಂದು ಕೋಣೆಯ ಮನೆಯಲ್ಲಿ ಬೇಸ್ ಇರಲಿ, ಆಂಪ್ಲಿಫೈಯರಿಗೂ ಜಾಗವಿಲ್ಲ. ಗೋಡೆಯಾಚೆಗಿನವರು ಒಂಬತ್ತಕ್ಕೆ ಮಲಗುತ್ತಾರೆ. ಆಗ ಆ ಇ ಸ್ವರವನ್ನು ನಾವೇ ಎರಡನೇ ತಂತಿಯಲ್ಲಿ ತೋರಿಸಬೇಕು. ಐದನೇ ಬಾರ್‌ನಲ್ಲಿ 5–6–6 (ಕೊನೆಯ ಅಂಕೆ ಎರಡನೇ ತಂತಿಯದು), ಮೇಲೆ ಎಫ್ ಕೇಳುತ್ತದೆ. ಆರನೆಯದರಲ್ಲಿ 5–6–5, ಮೇಲೆ ಇ. ಏಳನೆಯದರಲ್ಲಿ 6–7–6, ಮತ್ತೆ ಎಫ್. ಐದರಿಂದ ಆರಕ್ಕೆ ಒಂದು ಬೆರಳಿನ ಚಲನೆ ಮಾತ್ರ. ಮೇಲಿನ ತಂತಿಯ ಈ ಎಫ್–ಇ–ಎಫ್ ಅನ್ನು ಬಾಯಲ್ಲಿ ಗುನುಗುತ್ತಾ ನುಡಿಸಿದರೆ ಆರನೇ ಬಾರ್ ಇನ್ನೆಂದೂ ತಪ್ಪುವುದಿಲ್ಲ. ಇದು ನನ್ನ ಅಚ್ಚುಮೆಚ್ಚಿನ ಒಳದಾರಿ, ಯಾರು ಕೇಳಿದರೂ ಮೊದಲು ಇದನ್ನೇ ಹೇಳುತ್ತೇನೆ.

ಎಂಟರಿಂದ ಹನ್ನೆರಡು

ಆರನೆಯದು ಅರ್ಥವಾದರೆ ಇದು ಇಳಿಜಾರು. ಡಿ ಮೈನರ್ 7: 10–10. ಜಿ 7: 9–10. ಸಿ ಮೈನರ್ 7: 8–8. ಎಫ್ 7: 7–8. ಬಿ ಫ್ಲ್ಯಾಟ್ 7: 6–7. ಹತ್ತನೇ ಫ್ರೆಟ್‌ಗೆ ಒಮ್ಮೆ ಹಾರಿದರೆ ಆಮೇಲೆ ಜಾರಿಕೊಂಡು ಬಂದು ಮನೆ ಸೇರುವುದಷ್ಟೇ. ಮೈನರ್‌ನಿಂದ ಸೆವೆಂತ್‌ಗೆ ಹೋಗುವಾಗ ನಾಲ್ಕನೇ ತಂತಿಯ ಒಂದೇ ಸ್ವರ ಇಳಿಯುತ್ತದೆ ಎಂಬುದನ್ನು ಗಮನಿಸಿ. ಹನ್ನೊಂದನೇ ಬಾರ್‌ನ ಉತ್ತರಾರ್ಧದಲ್ಲಿ ಮತ್ತೆ 9–10ಕ್ಕೆ ಹತ್ತಿ ಅದೇ ಇಳಿಜಾರು.

ಇಲ್ಲಿ ಒಂದು ಮೋಜು: ಎಂಟನೇ ಬಾರ್‌ನಲ್ಲಿ ಜಿ 7 ಬದಲು 9–9 ಹಿಡಿದರೆ ಡಿ ಫ್ಲ್ಯಾಟ್ ಮೈನರ್ 7. 10–10, 9–9, 8–8. ಬೀಬಾಪ್ ಎಂಬ ಜಾಝ್ ಶೈಲಿಯ ಹಳೆಯ ವಾದಕರ ಚಾಳಿ. ಸೋಲೊ ನುಡಿಸುವವರಿಗೆ ಮೊದಲೇ ಹೇಳಿ ಮಾಡಿ.

ನಾಲ್ಕನೇ ಬಾರ್ ಮರೆತೆನೆನ್ನಬೇಡಿ: ಎಫ್ ಮೈನರ್ 7 ಎಂದರೆ 6–8, ಅಲ್ಲಿಂದ 6–7. ಮೂರನೇ ತಂತಿ ಮಾತ್ರ ಇಳಿಯುತ್ತದೆ.

ಲಯ

ತಬಲಾ ನುಡಿಸುವ ಧಾರವಾಡದ ಗೆಳೆಯರೊಬ್ಬರು ಕೇಳಿದರು: "ಹನ್ನೆರಡು ಎನ್ನುತ್ತೀರಿ ರಾಯರೇ, ಹಾಗಾದರೆ ಇದು ಏಕತಾಲವೇ?" ಅಲ್ಲ. ಏಕತಾಲದ್ದು ಹನ್ನೆರಡು ಮಾತ್ರೆಗಳು; ಇಲ್ಲಿ ನಾಲ್ಕು ಮಾತ್ರೆಗಳ ಹನ್ನೆರಡು ಬಾರ್, ಒಟ್ಟು 48. ಆದರೆ ಆವರ್ತನ, ಸಮ್ (ಆವರ್ತನದ ಮೊದಲ ಮಾತ್ರೆ) ಎಂಬ ಭಾವನೆ ಮಾತ್ರ ನೇರವಾಗಿ ಬಳಕೆಗೆ ಬರುತ್ತದೆ. ಹನ್ನೊಂದು, ಹನ್ನೆರಡನೇ ಬಾರ್‌ಗಳ ಓಟವಿರುವುದೇ ಎಲ್ಲರನ್ನೂ ಸಮ್‌ಗೆ ತಂದು ಬಿಡಲು. ತಬಲಾ ಸೋಲೊಗೆ ಹಾರ್ಮೋನಿಯಂ ಹಿಡಿಯುವ ಲಹರಾ, ಅಂದರೆ ಮತ್ತೆ ಮತ್ತೆ ಬರುವ ಒಂದೇ ಧುನ್, ಕದಲುವುದಿಲ್ಲ. ಜಾಝ್‌ನಲ್ಲಿ ಸಾಥ್ ಮಾಡುವವರು ಆವರ್ತನವನ್ನು ಕಾಯುತ್ತಲೇ ಜಾಗ ಬದಲಿಸುತ್ತಿರಬೇಕು.

ಮೊದಲು ಕದಲದ ಬಗೆಯಿಂದಲೇ ಶುರು ಮಾಡಿ: ಪ್ರತಿ ಮಾತ್ರೆಗೂ ಒಂದು ಹೊಡೆತ. ಇದರ ದೊಡ್ಡ ಹೆಸರು ಫ್ರೆಡಿ ಗ್ರೀನ್. 1937ರಲ್ಲಿ ಕೌಂಟ್ ಬೇಸಿಯ ಬ್ಯಾಂಡ್ ಸೇರಿದವರು 1987ರಲ್ಲಿ ತೀರಿಕೊಳ್ಳುವವರೆಗೂ ಆ ಸಂಗೀತದ ಲಯವನ್ನು ಹೊತ್ತರು. ಆಂಪ್ಲಿಫೈಯರ್ ಇಲ್ಲದ ಗಿಟಾರ್. ಎಡಗೈ ಪೂರ್ಣ ಕಾರ್ಡ್ ಹಿಡಿದಂತೆ ಕಂಡರೂ ಎಷ್ಟೋ ಕಡೆ ನಿಜವಾಗಿ ಮೊಳಗುವುದು ಒಂದೆರಡು ತಂತಿಗಳು. ನಮ್ಮ ಎರಡು ತಂತಿಗಳಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ಹೊಡೆತದ ಗುಟ್ಟು ಎಡಗೈಯಲ್ಲಿದೆ. ಮೀಟಿದ ಕ್ಷಣದಲ್ಲಿ ಬೆರಳಿನ ಒತ್ತಡ ಸಡಿಲಿಸಬೇಕು, ಆದರೆ ಬೆರಳು ತಂತಿ ಬಿಡಬಾರದು. ಬಿಟ್ಟರೆ ಖಾಲಿ ತಂತಿ ಕೂಗುತ್ತದೆ. ಸಡಿಲಿಸದಿದ್ದರೆ ಸ್ವರ ಎಳೆದು ಡ್ರಮ್ಸ್‌ನ ಮೇಲೆ ಬೀಳುತ್ತದೆ. ಎರಡು ಮತ್ತು ನಾಲ್ಕನೇ ಮಾತ್ರೆಗಳು ಒಂದು ಎಳ್ಳಷ್ಟು ಗಿಡ್ಡ.

ಆಮೇಲೆ ಚಾರ್ಲ್‌ಸ್ಟನ್ ಎಂಬ ಲಯ: ಒಂದನೇ ಮಾತ್ರೆಯ ಮೇಲೆ ಒಮ್ಮೆ, ಎರಡನೆಯದರ ದ್ವಿತೀಯಾರ್ಧದಲ್ಲಿ ಇನ್ನೊಮ್ಮೆ, ಉಳಿದದ್ದು ಮೌನ. ಮೌನ ಎಂದರೆ ಮೌನವೇ. ಅಲ್ಲಿ ಕೈ ತುರಿಸಿದರೆ ಸೋಲೊ ನುಡಿಸುವವರ ಮಾತಿಗೆ ಅಡ್ಡ ಬಾಯಿ ಹಾಕಿದಂತೆ. ಮೈಲ್ಸ್ ಡೇವಿಸ್ ಜೊತೆ 1950ರ ದಶಕದಲ್ಲಿ ಪಿಯಾನೊ ನುಡಿಸಿದ ರೆಡ್ ಗಾರ್ಲೆಂಡ್ ಎರಡು ಮತ್ತು ನಾಲ್ಕರ ದ್ವಿತೀಯಾರ್ಧಗಳಲ್ಲಿ ಕಾರ್ಡ್ ಇಡುತ್ತಿದ್ದರು. ನಾಲ್ಕರ ದ್ವಿತೀಯಾರ್ಧದಲ್ಲಿ ಹಿಡಿಯಬೇಕಾದದ್ದು ಮುಂದಿನ ಬಾರ್‌ನ ಕಾರ್ಡ್. ಕೈ ಐದನೇ ಬಾರ್‌ಗೆ ಹೋಗಿರುತ್ತದೆ, ಎಣಿಕೆ ಇನ್ನೂ ನಾಲ್ಕನೇ ಬಾರ್‌ನಲ್ಲಿರುತ್ತದೆ. ಕಾಲಿನಿಂದ ಮಾತ್ರೆ ಹಾಕುವುದನ್ನು ಬಿಡದೆ, ಬಾರ್ ಸಂಖ್ಯೆಯನ್ನು ಬಾಯಲ್ಲಿ ಜೋರಾಗಿ ಹೇಳುತ್ತಾ ಅಭ್ಯಾಸ ಮಾಡುವುದೊಂದೇ ಉಪಾಯ.

ಎಫ್ ಸ್ಕೇಲಿಗೆ ಹೋಗುವಾಗ

ಎಲ್ಲವನ್ನೂ ಐದು ಫ್ರೆಟ್ ಕೆಳಗಿಳಿಸಬೇಡಿ, ಖಾಲಿ ತಂತಿಗೆ ಬಂದು ಮುಗ್ಗರಿಸುತ್ತೀರಿ. ಎಫ್ 7 ನಮಗೆ ಆಗಲೇ ಗೊತ್ತು: 7–8. ಅಲ್ಲಿಂದ ಒಂದು ಕೆಳಗೆ 6–7, ಬಿ ಫ್ಲ್ಯಾಟ್ 7; ಒಂದು ಮೇಲೆ 8–9, ಸಿ 7. ಸಂಬಂಧ ಹಾಗೇ ಉಳಿಯಿತು. ಆರನೇ ಬಾರ್‌ನ ಬಿ ಡಿಮಿನಿಶ್ಡ್‌ಗೆ ಕೈ ಇಲ್ಲೂ 6–7ರಲ್ಲೇ ಸುಮ್ಮನಿರುತ್ತದೆ. ಬದಲಾಗುವುದು ಮೈನರ್ ಹಿಡಿತಗಳು: ಒಂಬತ್ತನೇ ಬಾರ್‌ನ ಜಿ ಮೈನರ್ 7 ಈಗ 8–10 ಆಗಿ ಅಗಲವಾಗುತ್ತದೆ, ನಾಲ್ಕನೇ ಬಾರ್‌ನ ಸಿ ಮೈನರ್ 7 ಮಾತ್ರ 8–8ರಲ್ಲಿ ನೆಟ್ಟಗೆ ನಿಲ್ಲುತ್ತದೆ. ಬಿ ಫ್ಲ್ಯಾಟ್‌ನಲ್ಲಿ ಇದು ತಿರುವುಮುರುವಾಗಿತ್ತು. ಎಂಟನೇ ಬಾರ್‌ನ ಡಿ 7 ಇರುವುದು 10–11ರಲ್ಲಿ. ಅದರ ಮುಂಚಿನ ಎ ಮೈನರ್ 7 ಎಲ್ಲಿ ಬೀಳುತ್ತದೆ ಎಂಬುದನ್ನು ಈಗ ಹಾಳೆ ನೋಡದೆ ಹುಡುಕಬಹುದು.